ಹಿಂಬದಿ ಹಲಗೆಯ ನಾಲ್ಕು ಸ್ಕ್ರೂ

‘ಈ ಎರಡು ವರ್ಷವೂ ವೊಬ್ಬೆಯವರ ಪತ್ನಿ ಹಿಂಕೆ ಬಿಸಿಬಿಸಿ ಕಾಫಿ ಒದಗಿಸಿ ಸಹಕರಿಸಿದರು.’

ಹಿಂಕೆ ಈ ವಾಕ್ಯವನ್ನು ಮೂರು ಸಲ ಓದಿದಳು. ಮೊದಲ ಸಲ ಕನ್ನಡಕವಿಲ್ಲದೆ, ಎರಡನೆಯ ಸಲ ಕನ್ನಡಕ ಹಾಕಿಕೊಂಡು, ಮೂರನೆಯ ಸಲ ಅಡುಗೆಮನೆ ಕಿಟಕಿಯ ಬೆಳಕಿಗೆ ಹಿಡಿದು. ಹೇಗೆ ಓದಿದರೂ ಅಲ್ಲಿ ಕಾಫಿಯೇ ಇತ್ತು. ಅವಳು ಅಂಟು ಬಳಿದದ್ದಿರಲಿಲ್ಲ, ಗಾಜಿನ ಬಟ್ಟೆ ಹಾಸಿದ್ದಿರಲಿಲ್ಲ, ಉಪ್ಪುಕಾಗದ ತಿಕ್ಕಿ ತಿಕ್ಕಿ ಬಲಗೈ ಹೆಬ್ಬೆರಳು ಇವತ್ತಿಗೂ ಪೂರ್ತಿ ಮಡಚಲು ಬಾರದ ವಿಷಯವಂತೂ ಇರಲೇ ಇಲ್ಲ.

ಅದು ಊರಿನ ಹಾಯಿದೋಣಿ ಸಂಘದ ಪತ್ರಿಕೆ. ಮುಖಪುಟದಲ್ಲಿ ವೊಬ್ಬೆಯ ಫೋಟೋ. ಹಿಂದೆ ದೋಣಿ, ಮುಂದೆ ಕೈಕಟ್ಟಿ ನಿಂತ ಗಂಡ, ಮುಖದಲ್ಲಿ ಯುದ್ಧ ಗೆದ್ದು ಬಂದವನ ಕಳೆ. ತಲೆಬರಹ, ‘ಸ್ವಂತ ಕೈಗಳಿಂದ’. ಫೋಟೋದ ಎಡ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತಿತ್ತು. ಅದು ಹಿಂಕೆಯದು. ಫೋಟೋ ತೆಗೆಯಲು ಬಂದವನು, “ಸ್ವಲ್ಪ ಆಚೆ ಸರೀತೀರಾ, ದೋಣಿ ಪೂರ್ತಿ ಬರ್ಲಿ” ಅಂದಿದ್ದ. ಅವಳೂ ಪೆದ್ದಿಯ ಹಾಗೆ ಸರಿದಿದ್ದಳು.

ಇಷ್ಟಾದರೂ ಸಹಿಸಬಹುದಿತ್ತೇನೋ. ಒಳಪುಟದ ಎರಡನೆಯ ಪ್ಯಾರಾಕ್ಕೆ ಬಂದಾಗ ಅವಳ ಪಿತ್ತ ನೆತ್ತಿಗೇರಿತು. ‘ಹಲಗೆಗಳು ಕೂಡುವ ಮೂಲೆಗಳಿಗೆ ಅಂಟು ತುಂಬಲು ವೊಬ್ಬೆ ಒಂದು ಜಾಣ ಉಪಾಯ ಹುಡುಕಿದರು. ಕೇಕಿಗೆ ಕ್ರೀಮು ಹಿಂಡುವ ಚೀಲದಲ್ಲಿ ಅಂಟು ತುಂಬಿ ಒಂದೇ ಸಮನೆ ಹಿಂಡುತ್ತ ಹೋದರು.’

ವೊಬ್ಬೆ! ಆ ಮನುಷ್ಯ ಹುಟ್ಟಿದಾಗಿನಿಂದ ಕ್ರೀಮಿನ ಚೀಲ ಕೈಯಲ್ಲಿ ಹಿಡಿದವನಲ್ಲ. ಕೇಕು ತಿಂದು ಗೊತ್ತು, ಅಷ್ಟೆ. ಬೇಕರಿಯಲ್ಲಿ ಇಪ್ಪತ್ತೇಳು ವರ್ಷ ಮಣಿಕಟ್ಟು ನೋಯಿಸಿಕೊಂಡು ಕೇಕಿನ ಅಂಚಿಗೆ ಕ್ರೀಮು ಹಿಂಡಿದವಳು ಹಿಂಕೆ.

“ವೊಬ್ಬೆ!” ಅಂತ ಕೂಗಿದಳು. ಗಂಡ ಮಹಡಿಯ ಮೇಲೆ ಶನಿವಾರಕ್ಕೆಂದು ಕೋಟಿಗೆ ಬ್ರಷ್ ಹಾಕುತ್ತಿದ್ದ. ಶನಿವಾರ ದೋಣಿ ನೀರಿಗಿಳಿಸುವ ದಿನ. ಅವತ್ತು ಗುರುವಾರ.

*

ಈ ದೋಣಿ ಶುರುವಾದದ್ದು ವೊಬ್ಬೆಯ ಆಸೆಯಿಂದ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ, ಹಿಂಕೆಯೂ ಇಲ್ಲ. ಅವನು ಮೂವತ್ತೊಂದು ವರ್ಷ ಕಾಲುವೆಯ ಮೇಲಿನ ಸೇತುವೆ ಎತ್ತುವ ಕೆಲಸದಲ್ಲಿದ್ದ. ಬೇರೆಯವರ ಹಾಯಿದೋಣಿ ಬಂದಾಗ ಸೇತುವೆ ಎತ್ತು, ಅವರು ಕೈಬೀಸಿ ಕೆರೆಯ ಕಡೆ ಹೋದಮೇಲೆ ಇಳಿಸು. ಕೆರೆ ಕಾಲುವೆಗಳ ನಾಡಾದ ಫ್ರೀಸ್‌ಲ್ಯಾಂಡಿನಲ್ಲಿ ಹುಟ್ಟಿಯೂ ಸ್ವಂತ ದೋಣಿಯಿಲ್ಲದವನ ಹೊಟ್ಟೆಯುರಿ ಎಂಥದೆಂದು ಅವಳಿಗೆ ಗೊತ್ತಿತ್ತು. ನಿವೃತ್ತನಾದ ವಾರವೇ ಅವನು ನಕ್ಷೆ ತರಿಸಿದ. ಐದೂವರೆ ಮೀಟರಿನ ದೋಣಿ, ಪ್ಲೈವುಡ್ಡಿನ ಮೈ, ಮೇಲೆ ಫೈಬರ್‌ಗ್ಲಾಸಿನ, ಅಂದರೆ ಗಾಜಿನ ಎಳೆಯ ಬಟ್ಟೆಯ ಹೊದಿಕೆ. ಹಿತ್ತಲಿನ ಶೆಡ್ಡಿನಲ್ಲಿ ಹಲಗೆ ಕತ್ತರಿಸಿದ, ಅಂಚಿನಲ್ಲಿ ಸಾಲಾಗಿ ತೂತು ಕೊರೆದ, ತಾಮ್ರದ ತಂತಿಯಿಂದ ಹಲಗೆಗೆ ಹಲಗೆ ಸೇರಿಸಿ ಹೊಲಿದ. ಅಂಗಿ ಹೊಲಿದ ಹಾಗೆಯೇ ಹೊಲಿಯುವುದು. ಐದು ವಾರದಲ್ಲಿ ಹಲಗೆಗಳೆಲ್ಲ ಕೂಡಿ ದೋಣಿಯ ಆಕಾರ ಎದ್ದು ನಿಂತಿತು. ಆ ಕೆಲಸ ಅವನದೇ, ಚೊಕ್ಕವಾಗಿಯೂ ಮಾಡಿದ್ದ.

ಆರನೆಯ ವಾರ ಎಪಾಕ್ಸಿ ಅಂಟಿನ ಡಬ್ಬ ತೆರೆದ. ಮೂರೇ ದಿನ. ನಾಲ್ಕನೆಯ ದಿನ ಬೆಳಿಗ್ಗೆ ಅವನ ಕಣ್ಣುರೆಪ್ಪೆ ಊದಿಕೊಂಡು ಕಣ್ಣೇ ತೆರೆಯದಾಯಿತು. ಕೈ ಮೊಣಕೈವರೆಗೆ ಕೆಂಪಾಗಿ ಬೊಬ್ಬೆ. ಡಾಕ್ಟರು ನೋಡಿದವರೇ ಹೇಳಿದರು: ನಿಮ್ಮ ಮೈಗೆ ಈ ಅಂಟು ಇನ್ನು ಜನ್ಮದಲ್ಲಿ ಒಗ್ಗುವುದಿಲ್ಲ. ಹಸಿ ಅಂಟು ಮುಟ್ಟಬೇಡಿ, ಒಣಗಿದ್ದನ್ನು ಉಜ್ಜಿದ ಧೂಳೂ ತಾಗಿಸಿಕೊಳ್ಳಬೇಡಿ.

ವೊಬ್ಬೆ ಅಡುಗೆಮನೆಯ ಮೇಜಿಗೆ ತಲೆಯಿಟ್ಟು ಕೂತ. ಕಣ್ಣ ಮೇಲೆ ಒದ್ದೆ ಬಟ್ಟೆ ಇದ್ದದ್ದರಿಂದ ಅಳುತ್ತಿದ್ದಾನೋ ಇಲ್ಲವೋ ಎಂದು ತಿಳಿಯುತ್ತಿರಲಿಲ್ಲ, ಆದರೆ ಬೆನ್ನು ಅಲುಗುತ್ತಿತ್ತು.

“ಅಳ್ಬೇಡ ಮಾರಾಯ, ನಾನು ಮಾಡ್ತೀನಿ” ಅಂದಳು ಹಿಂಕೆ. “ಹಿಟ್ಟು ಕಲಸಿದೋಳಿಗೆ ಅಂಟು ಕಲಸೋದು ಏನ್ ಮಹಾ.”

ಅದು ಹಿಟ್ಟಿನಂತಲ್ಲ ಎಂದು ಮೊದಲ ದಿನವೇ ಗೊತ್ತಾಯಿತು. ಹಿಟ್ಟು ಕಾಯುತ್ತದೆ, ಅಂಟು ಕಾಯುವುದಿಲ್ಲ. ಅಳತೆ ಒಂದು ಚಮಚ ತಪ್ಪಿದರೆ ಗಟ್ಟಿಯಾಗುವುದೇ ಇಲ್ಲ. ಒಂದೇ ಲೋಟದಲ್ಲಿ ಜಾಸ್ತಿ ಕಲಸಿದರೆ ಕೈಯಲ್ಲೇ ಕಾದು ಹೊಗೆಯಾಡುತ್ತದೆ. ಮೂಲೆಗಳಿಗೆ ತುಂಬಲು ಅಂಟಿಗೆ ಮರದ ಹುಡಿ ಬೆರೆಸಿ ಬೆಣ್ಣೆಯ ಹದಕ್ಕೆ ತರಬೇಕು. ನಕ್ಷೆಯ ಜೊತೆ ಬಂದ ಪುಸ್ತಕದಲ್ಲಿ ಕಡ್ಡಿಯಿಂದ ಬಳಿಯಿರಿ ಎಂದು ಬರೆದಿತ್ತು. ಎರಡು ಸಲ ಬಳಿದು, ಕೋಳಿ ಕೆದರಿದ ಹಾಗೆ ಆದದ್ದನ್ನು ನೋಡಿ ಅವಳು ಮನೆಯೊಳಗೆ ಹೋಗಿ ಕ್ರೀಮಿನ ಚೀಲ ತಂದಳು. ಆಮೇಲೆ ದೋಣಿಯ ಒಳಗಿನ ಒಂದೊಂದು ಮೂಲೆಯೂ ಮದುವೆಯ ಕೇಕಿನ ಅಂಚಿನಷ್ಟು ನಯವಾಗಿ ಕೂತಿತು.

ತಪ್ಪೂ ಮಾಡಿದಳು. ಮೊದಲ ಚಳಿಗಾಲದಲ್ಲಿ ದೋಣಿಯ ಹೊರಮೈಗೆ ಒಂದು ಪದರ ಅಂಟು ಬಳಿದು, ಅದು ಒಣಗಿದ ಮೇಲೆ ಗಾಜಿನ ಬಟ್ಟೆ ಹಾಸಿದಳು. ಚಳಿಯಲ್ಲಿ ಒಣಗಿದ ಅಂಟಿನ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ, ಅದನ್ನು ನೀರು ಹಾಕಿ ತಿಕ್ಕಿ ತೊಳೆಯದೆ ಮುಂದಿನ ಕೆಲಸಕ್ಕೆ ಕೈಹಾಕಬಾರದು. ಅವಳು ತೊಳೆದಿರಲಿಲ್ಲ. ವಾರದ ಮೇಲೆ ಅಂಚಿನಲ್ಲಿ ಉಗುರು ಹಾಕಿದರೆ ಇಡೀ ಬಟ್ಟೆ ಹಾಲಿನ ಕೆನೆಯಂತೆ ಎದ್ದು ಬಂತು. ಶೆಡ್ಡಿನ ನೆಲದ ಮೇಲೆ ಕೂತು ಅತ್ತಳು. ಎದ್ದು ಎಲ್ಲ ಕಿತ್ತು ಹಾಕಿ ಹನ್ನೊಂದು ದಿನ ಉಪ್ಪುಕಾಗದ ಹಿಡಿದು ತಿಕ್ಕಿದಳು. ಕುತ್ತಿಗೆ, ತೋಳು, ಕಿವಿಯ ಹಿಂದೆ, ಎಲ್ಲ ಕಡೆ ಗಾಜಿನ ಪುಡಿಯ ನವೆ. ಆ ಹನ್ನೊಂದು ದಿನವೂ ವೊಬ್ಬೆ ಅಡುಗೆಮನೆಯ ಮುಚ್ಚಿದ ಕಿಟಕಿಯ ಹಿಂದೆ ನಿಂತು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಅವನ ಕೈಯಲ್ಲೇ ಕಾಫಿ ಲೋಟ ಇರುತ್ತಿತ್ತು.

ಗಂಡನ ಕಣ್ಣೀರು ನೋಡಲಾರದೆ ಕೈಹಾಕಿದ್ದು ನಿಜ. ಆದರೆ ಆ ಬಟ್ಟೆ ಕಿತ್ತು ಮತ್ತೆ ಹಾಸಿದ ದಿನದಿಂದ ಆ ದೋಣಿ ಅವಳದಾಯಿತು. ಬೆಳಿಗ್ಗೆ ಎದ್ದರೆ ಮೊದಲ ಯೋಚನೆ ಅದೇ. ಇನ್ನೊಬ್ಬರು ಹೇಳಿದ ಕೇಕಿಗೆ ಇನ್ನೊಬ್ಬರು ಹೇಳಿದ ಹೆಸರು ಬರೆದುಕೊಂಡೇ ಇಪ್ಪತ್ತೇಳು ವರ್ಷ ಕಳೆದವಳು ಅವಳು. ಸಂಜೆಯೊಳಗೆ ತಿಂದು ಮುಗಿಯದಂಥ ಒಂದು ವಸ್ತು ಅವಳ ಕೈಯಿಂದ ಆದದ್ದು ಇದೇ ಮೊದಲು.

ಬೀದಿಯವರಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಪಕ್ಕದ ಮನೆಯ ಗ್ರೀಟ್‌ಗೆ ಚೆನ್ನಾಗಿಯೇ ಗೊತ್ತಿತ್ತು. ವಾರಕ್ಕೆರಡು ಸಲ ಬೇಲಿಯ ಮೇಲಿಂದ ತಲೆ ತೂರಿಸಿ, “ಹಿಂಕೆ, ನಿನ್ನ ದೋಣಿ ನಾತ ಕಣೇ! ಒಗೆದ ಬಟ್ಟೆಗೆಲ್ಲ ಹಿಡಿದಿದೆ!” ಎಂದು ಕೂಗುತ್ತಿದ್ದಳು. ಅಂಥವಳು, ಬಣ್ಣ ಬಳಿದು ದೋಣಿ ಹೊಳೆಯತೊಡಗಿದ ದಿನ ಬೇಲಿ ದಾಟಿ ಬಂದು ವೊಬ್ಬೆಯ ಕೈಕುಲುಕಿ ಹೋದಳು. ನಾತ ಬರುತ್ತಿದ್ದಾಗ ಹಿಂಕೆಯ ದೋಣಿ, ಹೊಳಪು ಬಂದಾಗ ವೊಬ್ಬೆಯ ದೋಣಿ. ಇಂಥ ನ್ಯಾಯ ಯಾವ ಊರಿನಲ್ಲಿದೆಯೋ ದೇವರೇ ಬಲ್ಲ!

ದೋಣಿ ಮಗುಚಿದ ದಿನವೂ ಇದೇ ಕಥೆ. ಹೊರಮೈಯ ಕೆಲಸಕ್ಕೆಂದು ತಲೆಕೆಳಗಾಗಿ ಕೂರಿಸಿದ್ದ ದೋಣಿಯನ್ನು ನೆಟ್ಟಗೆ ಮಾಡಲು ಸಂಘದಿಂದ ಹನ್ನೆರಡು ಜನ ಬಂದರು. ಅಂಗಳದ ನಡುವೆ ನಿಂತು “ಎತ್ತಿ! ನಿಧಾನ! ಎಡಕ್ಕೆ!” ಎಂದು ಅಪ್ಪಣೆ ಕೊಟ್ಟವನು ವೊಬ್ಬೆ. ಆ ಹನ್ನೆರಡು ಜನಕ್ಕೂ ಬಟಾಣಿ ಸೂಪು ಬೇಯಿಸಿ ಬಡಿಸಿದವಳು ಹಿಂಕೆ. ಬಡಿಸುವಾಗ ಒಬ್ಬ ಅವಳಿಗೆ, “ಪುಣ್ಯವಂತೆ ನೀವು, ಇಷ್ಟು ಕೈಚಳಕ ಇರೋ ಗಂಡ ಸಿಕ್ಕಿದ್ದಾನೆ” ಅಂದ. ಅವಳು ನಕ್ಕು ಇನ್ನೊಂದು ಸೌಟು ಬಡಿಸಿದ್ದಳು. ಈಗ ಆ ನಗು ನೆನೆದರೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನಿಸುತ್ತಿತ್ತು.

*

ವೊಬ್ಬೆ ಕೋಟನ್ನೂ ಬ್ರಷ್ಷನ್ನೂ ಹಿಡಿದುಕೊಂಡೇ ಕೆಳಗೆ ಬಂದ. ಪತ್ರಿಕೆ ಮೇಜಿನ ಮೇಲೆ ತೆರೆದಿತ್ತು.

“ಫೋಟೋ ಚೆನ್ನಾಗಿ ಬಂದಿದೆ ಅಲ್ವಾ?” ಅಂದ.

“ಓದು. ಜೋರಾಗಿ ಓದು.”

ಅವನು ಓದಿದ. ಕಾಫಿಯ ವಾಕ್ಯ ಬಂದಾಗ ದನಿ ಸಣ್ಣದಾಯಿತು. “ಅವ್ರು ಹಾಗೆ ಬರ್ಕೊಂಡಿದ್ದಾರೆ. ನಾನೇನ್ ಮಾಡ್ಲಿ?”

“ಅವ್ರು ಬಂದಾಗ ನೀನು ಹೇಳ್ಲಿಲ್ವಾ?”

“ನಾನು ‘ನಾವು’ ಅಂತಾನೇ ಅಂದೆ, ಹಿಂಕೆ. ನಾವು ಕಟ್ಟಿದ್ವಿ ಅಂತ.”

“ಯಾವ ನಾವು? ಕ್ರೀಮಿನ ಚೀಲ ಹಿಡ್ದಿದ್ದು ಯಾವ ನಾವು? ಬಟ್ಟೆ ಎದ್ದು ಬಂದಾಗ ನೆಲದ ಮೇಲೆ ಕೂತು ಅತ್ತಿದ್ದು ಯಾವ ನಾವು? ಎರಡು ವರ್ಷದಲ್ಲಿ ನೀನು ಶೆಡ್ಡಿನ ಹೊಸ್ತಿಲು ದಾಟಿದ್ದೀಯೇನೋ?”

“ದಾಟೋ ಹಾಗಿಲ್ಲ ಅಂತ ಡಾಕ್ಟ್ರೇ ಹೇಳಿದ್ದಲ್ವಾ!”

“ಡಾಕ್ಟ್ರು ಬಾಯಿ ಮುಚ್ಕೊಂಡಿರು ಅಂತಾನೂ ಹೇಳಿದ್ರಾ?”

ವೊಬ್ಬೆ ಕುರ್ಚಿ ಎಳೆದು ಕೂತ. ಬ್ರಷ್ಷಿನ ಕೂದಲಿಗೆ ಸಿಕ್ಕ ಎಳೆಯೊಂದನ್ನು ಕಿತ್ತ. ಆಮೇಲೆ, “ಅಲ್ಲಿ ಸಂಘದಲ್ಲಿ ಎಲ್ರೂ ಕೇಳ್ತಾರೆ, ಹಿಂಕೆ. ‘ಹೇಗೆ ನಡೀತಿದೆ ದೋಣಿ, ವೊಬ್ಬೆ?’ ಅಂತ. ನನ್ನನ್ನ ಜನ ಯಾವತ್ತು ಹಾಗೆ ಕೇಳಿದ್ರು ಹೇಳು? ಸೇತುವೆ ಎತ್ತೋನು ಅಂತಿದ್ರು, ಅಷ್ಟೆ. ಹೆಸ್ರೂ ಗೊತ್ತಿರ್ಲಿಲ್ಲ. ಒಂದ್ಸಲ ‘ನಾನು’ ಅಂತ ಬಾಯಿಗೆ ಬಂದ್ಬಿಡ್ತು. ಆಮೇಲೆ ಹೇಗೆ ವಾಪಸ್ ತಗೊಳ್ಳೋದು?” ಅಂದ.

ಬೇರೆ ದಿನವಾಗಿದ್ದರೆ ಈ ಮಾತಿಗೆ ಹಿಂಕೆ ಕರಗುತ್ತಿದ್ದಳು. ಮೂವತ್ತೈದು ವರ್ಷ ಕರಗಿಯೇ ಅಭ್ಯಾಸ. ಆದರೆ ವೊಬ್ಬೆ ಅಲ್ಲಿಗೆ ನಿಲ್ಲಿಸಲಿಲ್ಲ. ಕೋಟಿನ ಜೇಬಿಗೆ ಕೈಹಾಕಿ ಬಟ್ಟೆಯಲ್ಲಿ ಸುತ್ತಿದ ಒಂದು ವಸ್ತು ತೆಗೆದು ಮೇಜಿನ ಮೇಲಿಟ್ಟ. ಹಿತ್ತಾಳೆಯ ಫಲಕ, ಅಂಗೈಯಷ್ಟಗಲ, ನಾಲ್ಕು ಮೂಲೆಗೆ ನಾಲ್ಕು ತೂತು. ಮೇಲೆ ದೋಣಿಯ ಹೆಸರು, ಕೆಳಗೆ ‘ಕಟ್ಟಿದವರು’, ಅದರ ಕೆಳಗೆ ಅವನ ಹೆಸರು. ಅವನದೊಂದೇ.

“ಸಂಘದೋರು ಮಾಡ್ಸಿ ಕೊಟ್ಟಿದ್ದು. ದೋಣಿಯ ಹಿಂಬದಿ ಹಲಗೆಗೆ ಹಾಕ್ಬೇಕಂತೆ” ಅಂದ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ಸ್ಕ್ರೂ ತೂತಿಗೆ ಅಂಟು ತುಂಬಬೇಕಾಗುತ್ತೆ. ಅದನ್ನ ನಾನು ಮುಟ್ಟೋ ಹಾಗಿಲ್ಲ. ನೀನೇ ಸ್ವಲ್ಪ...”

ನೋಡಿ, ಮನುಷ್ಯನ ಭಂಡತನಕ್ಕೂ ಒಂದು ಎಲ್ಲೆ ಬೇಡವೇ? ಅವನ ಹೆಸರನ್ನು, ಅವಳ ದೋಣಿಗೆ, ಅವಳ ಕೈಯಿಂದಲೇ ಕೂರಿಸಬೇಕಂತೆ!

“ನಿನ್ನ ಹೆಸ್ರು, ನೀನೇ ಕೂರ್ಸು” ಎಂದು ಹಿಂಕೆ ಕೋಟು ಹಾಕಿಕೊಂಡು ಹೊರಗೆ ಹೋದಳು. ಕಾಲುವೆಯ ದಂಡೆಯ ಮೇಲೆ ಮುಂದಿನ ಊರಿನವರೆಗೂ ನಡೆದು ವಾಪಸ್ ಬಂದಳು. ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ.

*

ಶುಕ್ರವಾರ ಬೆಳಿಗ್ಗೆ ಸಂಘದ ಅಧ್ಯಕ್ಷ ಸೀಬ್ರೆನ್‌ನ ಮನೆಗೆ ಹೋದಳು. ಎಪ್ಪತ್ತು ದಾಟಿದ ಮನುಷ್ಯ. ಅವನ ಅಜ್ಜ ಮರದ ದೋಣಿ ಕಟ್ಟುತ್ತಿದ್ದವನು, ಅಪ್ಪ ಅವನ್ನು ರಿಪೇರಿ ಮಾಡುತ್ತಿದ್ದವನು, ಇವನು ಅವುಗಳ ಬಗ್ಗೆ ಭಾಷಣ ಮಾಡುವವನು. ಒಳಗೆ ಕೂರಿಸಿ ಕಾಫಿ ಕೊಟ್ಟ, ಡಬ್ಬದಿಂದ ಒಂದೇ ಒಂದು ಬಿಸ್ಕತ್ತು ಕೊಟ್ಟು ಮುಚ್ಚಳ ಹಾಕಿದ.

ಹಿಂಕೆ ಸುತ್ತಿಬಳಸಲಿಲ್ಲ. “ಆ ದೋಣಿ ಕಟ್ಟಿದ್ದು ನಾನು, ಸೀಬ್ರೆನ್. ನೀವು ಪತ್ರಿಕೇಲಿ ಹಾಕಿರೋದು ಸುಳ್ಳು. ಫಲಕದಲ್ಲಿ ಕೆತ್ತಿಸಿರೋದೂ ಸುಳ್ಳು. ನಾಳೆ ಎಲ್ರ ಮುಂದೆ ಸರಿಯಾಗಿ ಹೇಳ್ಬೇಕು.”

ಸೀಬ್ರೆನ್ ಹಲ್ಲುನೋವಿನವನಂತೆ ಮುಖ ಮಾಡಿದ. “ಫಾರಂನಲ್ಲಿ ‘ಕಟ್ಟಿದವರು’ ಅನ್ನೋ ಕಡೆ ಒಂದೇ ಗೆರೆ ಇರೋದಮ್ಮ. ವೊಬ್ಬೆ ತನ್ನ ಹೆಸ್ರು ಬರೆದಿದ್ದಾನೆ. ನಾನೇನ್ ಮಾಡೋಕಾಗುತ್ತೆ?”

“ಗೆರೆ ಒಂದೇ ಆದ್ರೆ ಅಲ್ಲಿ ನನ್ನ ಹೆಸ್ರು ಬರೀರಿ.”

“ಒಂದೇ ಮನೆ, ಒಂದೇ ದೋಣಿ. ಗಂಡ ಹೆಂಡತಿ ಮಧ್ಯೆ ನಿಂದು ನಂದು ಅಂತ ಏನು? ಮತ್ತೆ ನೋಡು, ನಿನಗೆ ಅದಕ್ಕಿಂತ ದೊಡ್ಡ ಗೌರವ ಇಟ್ಟಿದ್ದೀವಿ. ದೋಣಿಗೆ ಹೆಸರಿಡೋಳು ನೀನೇ. ದೋಣಿ ಮೂತಿಗೆ ಮದ್ಯ ಸುರಿಯೋ ಬಾಟ್ಲಿ ನಿನ್ನ ಕೈಲಿ. ಕಟ್ಟಿದೋನ ಹೆಂಡ್ತಿ ಹೆಸರಿಡೋದು ನಮ್ಮ ಸಂಘದಲ್ಲಿ ನೂರು ವರ್ಷದ ಪದ್ಧತಿ. ನಮ್ಮಜ್ಜಿ ಹನ್ನೆರಡು ದೋಣಿಗೆ ಇಟ್ಟಿದ್ಲು!”

“ನಿಮ್ಮಜ್ಜಿ ಆ ಹನ್ನೆರಡರಲ್ಲಿ ಎಷ್ಟಕ್ಕೆ ಉಪ್ಪುಕಾಗದ ಹಾಕಿದ್ರು?”

“ಅಯ್ಯೋ, ಅದು ಯಾರಿಗೆ ಗೊತ್ತು” ಎಂದು ಸೀಬ್ರೆನ್ ನಕ್ಕ. ಆ ನಗುವಿಗೆ ಹಿಂಕೆಯ ಮೈಯೆಲ್ಲ ಉರಿಯಿತು. ಯಾರಿಗೂ ಗೊತ್ತಿಲ್ಲ, ಅದನ್ನೇ ತಾನೂ ಹೇಳುತ್ತಿರುವುದು! ಅವಳು ಬಿಸ್ಕತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ನಾಳೆ ಬಾಟ್ಲಿ ಮುಟ್ಟುವುದಿಲ್ಲ, ದೋಣಿಯನ್ನು ಟ್ರೇಲರ್‌ನಿಂದ ಸರಿಯಾಗಿ ಇಳಿಸುವುದನ್ನು ನೋಡಿ ಮನೆಗೆ ಬರುತ್ತೇನೆ ಎಂದು ದಾರಿಯಲ್ಲೇ ತೀರ್ಮಾನಿಸಿದಳು.

*

ಶನಿವಾರ ಒಳ್ಳೆಯ ಗಾಳಿ, ಬಿಸಿಲು. ಕೆರೆಯ ದಂಡೆಯಲ್ಲಿ ಸುಮಾರು ಅರವತ್ತು ಜನ. ಒಬ್ಬ ಅಕಾರ್ಡಿಯನ್ ಬಾರಿಸುತ್ತಿದ್ದ. ಮೇಜಿನ ಮೇಲೆ ಕಿತ್ತಳೆ ಕೇಕು, ಕಾಫಿ. ಸೀಬ್ರೆನ್ ಸಂಘದ ಟೋಪಿ ಹಾಕಿ, ಗಿಡಮೂಲಿಕೆ ಮದ್ಯದ ಬಾಟ್ಲಿಯನ್ನು ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಿದ್ದ. ದೋಣಿ ಟ್ರೇಲರ್ ಮೇಲೆ ಇಳಿಜಾರಿನ ತುದಿಯಲ್ಲಿ ನಿಂತಿತ್ತು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ನೀರು.

ವೊಬ್ಬೆ ಕೋಟು ತೊಟ್ಟು ನಿಂತಿದ್ದ. ಕಾಲರಿನ ಮೇಲೆ ಅವನ ಕುತ್ತಿಗೆಯಲ್ಲಿ ಕೆಂಪು ಕೆಂಪು ಗುಳ್ಳೆ ಎದ್ದಿದ್ದವು, ಬಲಗಣ್ಣಿನ ರೆಪ್ಪೆ ಅರ್ಧ ಊದಿತ್ತು. ಎರಡು ದಿನದಿಂದ ಹಿಂಕೆ ಅವನ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಈಗ ನೋಡಿ, ಇದೇನಿದು ಅಂದುಕೊಂಡಳು. ಆದರೆ ಕೇಳಲಿಲ್ಲ. ನೀರು ಹೊರಬಿಡುವ ತೂತಿನ ಬಿರಡೆ ಬಿಗಿಯಾಗಿದೆಯೇ ನೋಡೋಣ ಎಂದು ದೋಣಿಯ ಹಿಂಬದಿಗೆ ಹೋದಳು.

ಅಲ್ಲಿ ಹಿತ್ತಾಳೆಯ ಫಲಕ ಹೊಳೆಯುತ್ತಿತ್ತು.

ಅದರ ಮೇಲಿನ ಹೆಸರನ್ನು ಅವಳು ಓದಲೇ ಇಲ್ಲ. ಕಣ್ಣು ಹೋದದ್ದು ನಾಲ್ಕು ಸ್ಕ್ರೂಗಳ ಮೇಲೆ. ಒಂದು ಸ್ವಲ್ಪ ವಾರೆಯಾಗಿ ಹೊಕ್ಕಿತ್ತು. ಅದರ ಸುತ್ತ ಬಣ್ಣ ಸಿಡಿದು, ಗಾಜಿನ ಎಳೆ ಬಿಳಿಯಾಗಿ ಬಿರಿದು, ಅದರೊಳಗೆ ಪ್ಲೈವುಡ್ಡಿನ ಹಸಿ ಮರ ಕಾಣುತ್ತಿತ್ತು. ಅವಳು ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿದಳು. ಮರದ ಹುಡಿ ಬೆರಳಿಗೆ ಅಂಟಿತು.

“ಇದನ್ನ ಯಾರು ಹಾಕಿದ್ದು?”

ಅಕಾರ್ಡಿಯನ್ ನಿಂತಿತು. ಅಷ್ಟು ಜೋರಾಗಿ ಕೇಳಿದ್ದಳು.

“ನಾನೇ” ಅಂದ ವೊಬ್ಬೆ. “ನಿನ್ನೆ, ನೀನು ಸೀಬ್ರೆನ್ ಮನೆಗೆ ಹೋಗಿದ್ದಾಗ. ಮುಖಕ್ಕೆ ಮಾಸ್ಕ್ ಹಾಕ್ಕೊಂಡಿದ್ದೆ.”

“ತೂತಿಗೆ ಅಂಟು ತುಂಬಿದ್ಯಾ?”

ವೊಬ್ಬೆ ಕುತ್ತಿಗೆ ಕೆರೆದುಕೊಂಡ.

“ದೊಡ್ಡದಾಗಿ ಕೊರ್ದು, ಅಂಟು ತುಂಬಿ, ಒಣಗಿಸಿ, ಆಮೇಲೆ ಅದರ ನಡುವೆ ಸಣ್ಣ ತೂತು ಕೊರ್ದು ಸ್ಕ್ರೂ ಹಾಕ್ಬೇಕು ಅಂತ ನಿಂಗೆ ಗೊತ್ತಿಲ್ವಾ? ಮೊನ್ನೆ ನೀನೇ ತಾನೇ ಹೇಳಿದ್ದು!”

“ನೀನು ಆಗಲ್ಲ ಅಂದೆ. ನಾನು ಅಂಟು ಮುಟ್ಟೋ ಹಾಗಿಲ್ಲ. ಹೊತ್ತಾಗಿ ಹೋಗಿತ್ತು. ಒಂದು ದಿನದ ಮಟ್ಟಿಗೆ ಅಂತ...”

ದಂಡೆಯ ಮೇಲಿದ್ದ ಅರವತ್ತು ಜನರಲ್ಲಿ ಅರ್ಧದಷ್ಟು ಜನ ಮನೆಯಲ್ಲಿ ದೋಣಿ ಕಟ್ಟಿದವರು, ಇಲ್ಲವೇ ಕಟ್ಟುತ್ತಿರುವವರು. ಒಬ್ಬ ಬಗ್ಗಿ ಹಲಗೆ ನೋಡಿ ತುಟಿ ಕಚ್ಚಿಕೊಂಡು ಎದ್ದ. ಸೀಬ್ರೆನ್ ಕನ್ನಡಕ ಹಣೆಗೇರಿಸಿ ನೋಡಿದ, ವೊಬ್ಬೆಯ ಮುಖವನ್ನೂ ನೋಡಿದ.

“ಬರೀ ಮರಕ್ಕೇ ಹಾಕಿದ್ದೀಯೇನಪ್ಪಾ?” ಅಂದ ಮೆಲ್ಲಗೆ.

ಹಿಂದಿನಿಂದ ಯಾರೋ, “ಇರ್ಲಿ ಬಿಡಿ, ನೀರಿನ ಮಟ್ಟಕ್ಕಿಂತ ಮೇಲಿದೆಯಲ್ಲ. ಇವತ್ತೊಂದು ದಿನ ಇಳಿಸಿ, ನಾಳೆ ಸರಿ ಮಾಡಿದ್ರಾಯ್ತು” ಅಂದರು.

“ಏನ್ ಇರ್ಲಿ?” ಹಿಂಕೆ ತಿರುಗಿದಳು. “ಅಲೆ ಅಲ್ಲಿಗೆ ಎರಚಲ್ವಾ? ಒಳಗೂ ಗಾಜಿನ ಬಟ್ಟೆ, ಹೊರಗೂ ಗಾಜಿನ ಬಟ್ಟೆ. ಒಂದ್ಸಲ ನೀರು ಒಳಗೆ ಹೋದ್ರೆ ಒಣಗೋಕೆ ದಾರಿ ಎಲ್ಲಿದೆ? ಪದರ ಪದರ ಕುಡ್ಕೊಂಡು ಎರಡು ವರ್ಷದಲ್ಲಿ ಹಲಗೆ ಕರ್ರಗಾಗುತ್ತೆ. ಈ ಹಲಗೇನ ನಾನು ಮೂರು ಸಲ ಉಜ್ಜಿದ್ದೀನಿ. ಇದರ ಅಂಚಿನ ಬಟ್ಟೆ ಮಡಚೋಕೆ ಇಡೀ ಒಂದು ಭಾನುವಾರ ಬೇಕಾಯ್ತು. ಒಂದು ಹೆಸ್ರು ತೋರ್ಸೋಕೆ ಇದನ್ನ ಕೊಳೆಸ್ತೀರಾ?”

ಅವಳ ಕಣ್ಣಲ್ಲಿ ನೀರು ಬಂದಿತ್ತು. ಕಾಫಿಯ ವಾಕ್ಯಕ್ಕೂ ಬಾರದ ನೀರು ಆ ನಾಲ್ಕು ತೂತಿಗೆ ಬಂತು. ಒರೆಸಿಕೊಳ್ಳಲೂ ಇಲ್ಲ. ಟ್ರೇಲರ್‌ನ ಡಬ್ಬದಿಂದ ಸ್ಕ್ರೂಡ್ರೈವರ್ ತೆಗೆದು, ಮಂಡಿಯೂರಿ, ಒಂದೊಂದೇ ಸ್ಕ್ರೂ ಬಿಚ್ಚತೊಡಗಿದಳು.

“ಇವತ್ತು ದೋಣಿ ಇಳಿಯಲ್ಲ. ತೂತು ತುಂಬಿ ಅಂಟು ಒಣಗ್ಬೇಕು. ಆಮೇಲೆ ನೋಡೋಣ.”

ಗುಜುಗುಜು ಶುರುವಾಯಿತು. ಕೇಕು ಕತ್ತರಿಸಿಯಾಗಿದೆ, ಜನ ಬಂದಿದ್ದಾರೆ, ಗಾಳಿ ಇಷ್ಟು ಚೆನ್ನಾಗಿದೆ. ಸೀಬ್ರೆನ್ ಬಾಟ್ಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಅಧ್ಯಕ್ಷನಾದವನು ಏನಾದರೂ ಮಾಡಬೇಕಲ್ಲ. ವೊಬ್ಬೆಯ ಕಡೆ ತಿರುಗಿದ.

“ವೊಬ್ಬೆ, ದೋಣಿ ಕಟ್ಟಿದೋನು ನೀನು. ನೀನೇ ಹೇಳು. ಇಳಿಸೋಣವೋ ಬೇಡವೋ?”

ವೊಬ್ಬೆ ಮಂಡಿಯೂರಿ ಕೂತ ಹೆಂಡತಿಯ ಬೆನ್ನು ನೋಡಿದ. ಕೊನೆಯ ಸ್ಕ್ರೂ ಬಿಚ್ಚಿಕೊಳ್ಳುತ್ತಿತ್ತು. ಅವನ ಊದಿದ ಕಣ್ಣು ಪಟಪಟ ಬಡಿದುಕೊಂಡಿತು.

“ನಂಗೇನ್ ಗೊತ್ತು” ಅಂದ. “ಅವಳನ್ನ ಕೇಳಿ.”

“ಅವಳನ್ನ ಯಾಕೆ?”

“ಕಟ್ಟಿದ್ದು ಅವಳು.”

“ಏನಂದೆ? ಗಾಳೀಲಿ ಕೇಳಿಸ್ಲಿಲ್ಲ.”

“ಕಟ್ಟಿದ್ದು ಅವಳು ಅಂದೆ!” ವೊಬ್ಬೆ ಕೂಗಿದ. ದನಿ ಒಡೆದುಹೋಯಿತು. “ನಾನು ಹಲಗೆ ಕತ್ತರಿಸಿ ತಂತಿ ಹೊಲಿದೆ. ಅಷ್ಟೆ. ಮಿಕ್ಕಿದ್ದೆಲ್ಲ ಅವಳು. ನಾನು ಕಿಟಕಿ ಹಿಂದೆ ನಿಂತು ನೋಡ್ತಿದ್ದೆ. ಕ್ರೀಮಿನ ಚೀಲಾನೂ ಅವಳದೇ. ನಾನು ಸುಳ್ಳು ಹೇಳಿದ್ದೆ, ಸಾಕಾ?”

ಹಿಂಕೆ ಫಲಕವನ್ನು ಕೈಯಲ್ಲಿ ಹಿಡಿದು ಎದ್ದು ನಿಂತಳು. ಎದೆಯ ಮೇಲೆ ಎರಡು ದಿನದಿಂದ ಕೂತಿದ್ದ ಭಾರ ಈಗ ಇಳಿಯುತ್ತದೆ ಅಂದುಕೊಂಡಳು. ನಿಜವಾಗಿ ಸ್ವಲ್ಪ ಇಳಿಯಿತು ಕೂಡ. ಗಂಡನನ್ನು ಅಲ್ಲೇ ಅರ್ಧ ಕ್ಷಮಿಸಿಯೂ ಬಿಟ್ಟಳು, ಅವನ ಮುಖ ಅಷ್ಟು ದೀನವಾಗಿತ್ತು.

ಅಷ್ಟರಲ್ಲಿ ಗ್ರೀಟ್ ಕೇಕಿನ ತಟ್ಟೆ ಹಿಡಿದುಕೊಂಡೇ ಬಂದು ಅವಳ ಭುಜ ತಟ್ಟಿದಳು. “ಅಯ್ಯೋ ಬಿಡೇ ಹಿಂಕೆ, ಅದಕ್ಕೆ ಯಾಕೆ ಅಳ್ತೀಯ? ನಮಗೆಲ್ಲ ಮೊದ್ಲಿಂದ್ಲೂ ಗೊತ್ತಿತ್ತಲ್ಲ!”

“ಏನ್ ಗೊತ್ತಿತ್ತು?”

“ನೀನೇ ಕಟ್ಟಿದ್ದು ಅಂತ. ಎರಡು ವರ್ಷ ಬೇಲಿ ಆಚೆ ನೋಡ್ತಾ ಇರ್ಲಿಲ್ವಾ ನಾನು?”

“ನನಗೂ ಗೊತ್ತಿತ್ತು” ಎಂದ ಸೂಪು ಕುಡಿಯುವಾಗ ಅವಳನ್ನು ಪುಣ್ಯವಂತೆ ಅಂದಿದ್ದವನು. “ಮಗುಚೋ ದಿನ ನಿಮ್ಮ ತೋಳು ನೋಡಿದ್ನಲ್ಲ, ಗಾಜು ಕೊರೆದು ಕೆಂಪಾಗಿತ್ತು.”

ಸೀಬ್ರೆನ್ ಟೋಪಿ ಸರಿಮಾಡಿಕೊಂಡು ನಕ್ಕ. “ಗೊತ್ತಿಲ್ದೆ ಏನಮ್ಮ! ವೊಬ್ಬೆಗೆ ಅಂಟು ಆಗಲ್ಲ ಅನ್ನೋದು ಇಡೀ ಸಂಘಕ್ಕೆ ಗೊತ್ತು. ಏನೋ, ಪದ್ಧತಿ ಹಾಗೆ ಅಂತ ಹಾಗೆ ಬರೆದ್ವಿ. ಮನುಷ್ಯನಿಗೆ ಖುಷಿಯಾಗ್ಲಿ ಅಂತ.”

ಹಿಂಕೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರೂ ನಗುಮುಖದಲ್ಲಿದ್ದರು. ಎಲ್ಲ ಸರಿಹೋಯಿತಲ್ಲ ಎಂಬ ಸಮಾಧಾನದ ನಗು. ಎರಡು ದಿನ ಅವಳು ಒಬ್ಬ ಸುಳ್ಳನ ಮೇಲೆ ಸಿಟ್ಟಾಗಿದ್ದಳು. ಗ್ರೀಟ್ ಒಬ್ಬಳನ್ನು ಬಿಟ್ಟರೆ ಇವರೆಲ್ಲ ಪಾಪ, ಅವನ ಮಾತು ನಂಬಿ ಮೋಸಹೋದವರು ಎಂದುಕೊಂಡಿದ್ದಳು. ಇಲ್ಲಿ ಮೋಸಹೋದವರು ಒಬ್ಬರೂ ಇರಲಿಲ್ಲ. ಗುರುವಾರದ ಸಿಟ್ಟು ಇದರ ಮುಂದೆ ಏನೂ ಅಲ್ಲ ಅನಿಸಿತು.

“ಹಾಗಾದ್ರೆ ವೊಬ್ಬೆ ಸುಳ್ಳು ಹೇಳಿದ್ದು ಯಾರಿಗೆ?” ಎಂದು ಕೇಳಿದಳು.

ಗ್ರೀಟ್ ತಟ್ಟೆಯಲ್ಲಿದ್ದ ಕೇಕನ್ನು ಚಮಚದಿಂದ ಎರಡು ತುಂಡು ಮಾಡಿದಳು. ನಗು ಮೊದಲು ಮುಂದಿನ ಸಾಲಿನವರ ಮುಖದಿಂದ ಹೋಯಿತು, ಆಮೇಲೆ ಹಿಂದಿನವರ ಮುಖದಿಂದ.

ಹಿಂಕೆ ಸೀಬ್ರೆನ್‌ನ ಹತ್ತಿರ ಹೋಗಿ, ಅವನ ಖಾಲಿ ಇದ್ದ ಕೈ ಹಿಡಿದು ಅಂಗೈ ಬಿಡಿಸಿ, ಅದರ ಮೇಲೆ ಫಲಕವನ್ನೂ ನಾಲ್ಕು ಸ್ಕ್ರೂಗಳನ್ನೂ ಇಟ್ಟಳು.

“ನಿಮಗೆಲ್ಲ ಗೊತ್ತಿರೋದನ್ನ ಇದರ ಮೇಲೆ ಕೆತ್ತಿಸ್ಕೊಂಡು ಬನ್ನಿ. ಅವತ್ತು ಇಳಿಸೋಣ.”

“ಹೆಸರಿಡೋದು?” ಸೀಬ್ರೆನ್ ತೊದಲಿದ. “ಬಾಟ್ಲಿ?”

“ಕಟ್ಟಿದೋರ ಮನೆಯೋರು ಇಡೋದು ಪದ್ಧತಿ ಅಂದ್ರಲ್ಲ. ವೊಬ್ಬೆ ಇದ್ದಾನೆ, ಅವ್ನು ಇಡ್ತಾನೆ” ಎಂದು ಅವಳು ದೋಣಿಯ ಪಟ್ಟಿ ಬಿಗಿ ಮಾಡಿದಳು. “ಬಾರೋ ವೊಬ್ಬೆ, ಟ್ರೇಲರ್ ಮನೆ ಕಡೆ ತಿರುಗಿಸು. ಕಣ್ಣಿಗೆ ಔಷಧಿ ಹಾಕ್ಬೇಕು ನಿಂಗೆ.”

ವೊಬ್ಬೆ ಯಾರ ಮುಖವನ್ನೂ ನೋಡದೆ ಹೋಗಿ ಕಾರು ಸ್ಟಾರ್ಟ್ ಮಾಡಿದ.